ದಾದಿ ಮಸೀದಿಯ ತಕ್ಕಡಿ ಕಂಬ

ಆಕ್ಚೆಹಾನ್
25 ಜೂನ್ 1972

ಅಪ್ಪಾ,

ನಿನ್ನ ಕೈಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುತ್ತೇನೆ. ಇಪೆಕ್ ಈಗಷ್ಟೇ ಮಲಗಿದ್ದಾಳೆ. ಮಧ್ಯಾಹ್ನದ ಬಾಂಗಿನವರೆಗೆ ಏಳುವುದಿಲ್ಲ, ಆಮೇಲೆ ಅವಳಪ್ಪನ ದನಿಯೇ ಅವಳನ್ನು ಎಬ್ಬಿಸುತ್ತದೆ. ಅಷ್ಟರೊಳಗೆ ಈ ಕಾಗದ ಮುಗಿಯಬೇಕು. ಎಲ್ಲಾದರೂ ವಾಕ್ಯ ಎಡವಿದ್ದರೆ ನೀನೇ ಎತ್ತಿ ನಿಲ್ಲಿಸಿಕೊಂಡು ಓದು. ಅವಳು ಹುಟ್ಟಿ ನಲವತ್ತಾರು ದಿನವಾಯಿತು, ಒಮ್ಮೆಯೂ ಎರಡು ಗಂಟೆ ಒಂದೇ ಸಮನೆ ಮಲಗಿಲ್ಲ. ನಿನ್ನೆ ಸಕ್ಕರೆ ಡಬ್ಬಿಗೆ ಉಪ್ಪು ಸುರಿದೆ, ಅದೇ ಉಪ್ಪನ್ನು ಅತ್ತೆಯ ಚಹಾಕ್ಕೆ ಹಾಕಿ ಕಲಕಿ ಕೊಟ್ಟೆ. ಹಾಜೆರ್ ಅತ್ತೆ ಒಂದು ಗುಟುಕು ಕುಡಿದು, "ಏನೇ ಇದು, ಸಮುದ್ರ ತಂದೆಯಾ ನನಗೆ?" ಅಂದರು.

ಕಳೆದ ಸೋಮವಾರ ಮಗುವಿಗೆ ನಲವತ್ತು ತುಂಬಿತು. ನಲವತ್ತು ಬೆಣಚುಕಲ್ಲು ಹಾಕಿದ ನೀರಿನಲ್ಲಿ ಮೀಯಿಸಿ, ಮಸೀದಿಯ ಬಾಗಿಲಿಗೆ ಕರೆದೊಯ್ದು, ಅವಳ ಕೈಯನ್ನು ನಿನ್ನ ಕಂಬದ ಮೇಲೆ ಇಡಿಸಿದೆವು. "ತಿರುಗಿಸು ತಾಯಿ, ನಿಮ್ಮಜ್ಜ ಕೂರಿಸಿದ ಕಲ್ಲು," ಅಂದರು ಅತ್ತೆ. ಕಂಬ ಬೆಣ್ಣೆಯಂತೆ ತಿರುಗಿತು. ಅಂಗಳದಲ್ಲಿದ್ದ ಹೆಂಗಸರೆಲ್ಲ ನಿನ್ನ ಹೆಸರು ತೆಗೆದರು. ಹನ್ನೆರಡು ವರ್ಷದ ಹಿಂದೆ ಭೂಮಿ ನಡುಗಿ ಕಂಬ ನಿಂತುಹೋದಾಗ ಊರಿನ ಒಂದು ನರಪಿಳ್ಳೆಯೂ ಒಳಗೆ ಕಾಲಿಡಲಿಲ್ಲವಂತೆ, ಜೆಕೆರಿಯಾ ಮೇಸ್ತ್ರಿ ಬಂದು ಕಲ್ಲಿಗೆ ಜೀವ ಕೊಟ್ಟನಂತೆ. ಆಗ ಹದಿಮೂರರ ನಾನೂ ಅಲ್ಲಿದ್ದೆ, ನಿನ್ನ ಬುತ್ತಿ ಹೊತ್ತು ತರುತ್ತಿದ್ದೆ, ನಿನ್ನ ಜಿಪ್ಸಂ ಕಲಸುತ್ತಿದ್ದೆ ಎಂಬುದು ಯಾರಿಗೂ ನೆನಪಿಲ್ಲ.

ಈಗ ಕೇಳಬೇಕಾದ ಮಾತು. ನಮ್ಮ ಕೋಣೆಯ ಪಶ್ಚಿಮದ ಗೋಡೆ ಎಂದರೆ ಮಸೀದಿಯ ಪೂರ್ವದ ಗೋಡೆಯೇ. ಹಿಂದಿನವರು ಇಮಾಮನ ಮನೆಯನ್ನು ಅದಕ್ಕೇ ಒರಗಿಸಿ ಕಟ್ಟಿದ್ದಾರೆ, ಎತ್ತಿನ ಮೈಗೆ ಕರು ಒರಗಿದ ಹಾಗೆ. ತೊಟ್ಟಿಲು ಇರುವುದು ಅದರ ಬುಡದಲ್ಲಿ. ಹಾಲು ಕುಡಿಸುತ್ತ ಕೂತವಳಿಗೆ ನೋಡಲು ಇನ್ನೇನಿದೆ, ಆ ಗೋಡೆಯನ್ನೇ ನೋಡುತ್ತಿರುತ್ತೇನೆ. ಎರಡು ವಾರದ ಹಿಂದೆ ತೊಟ್ಟಿಲಿನ ಮೇಲ್ಗಡೆ ಒಂದು ಕೂದಲೆಳೆ ಅಂಟಿಕೊಂಡಿತ್ತು. ಹೆರಿಗೆಯಾದಮೇಲೆ ನನ್ನ ಕೂದಲು ಮನೆತುಂಬ ಉದುರುತ್ತಿದೆ, ಇದೂ ನನ್ನದೇ ಎಂದು ಉಗುರಿನಿಂದ ಎಳೆದೆ. ಬರಲಿಲ್ಲ. ಅದು ಬಿರುಕು.

ಒಮ್ಮೊಮ್ಮೆ ಗೋಡೆಯೊಳಗೆ ಯಾರೋ ಹುರಿಗಡಲೆ ಕಡಿದಂತೆ ಸದ್ದಾಗುತ್ತದೆ. ಅತ್ತೆ ಅದು ಬಾಣಂತಿಯರ ಪಿತ್ತಕೋಶ ಕಿತ್ತು ತಿನ್ನುವ ಪಿಶಾಚಿ, ಕೆಂಪು ಹೆಂಗಸು ಎನ್ನುತ್ತಾರೆ. ನನ್ನ ದಿಂಬಿನಲ್ಲಿ ಸೂಜಿ ಚುಚ್ಚಿಟ್ಟಿದ್ದಾರೆ, ತೊಟ್ಟಿಲಿಗೂ ನನ್ನ ತಲೆಗೂ ಕೆಂಪು ರಿಬ್ಬನ್ ಕಟ್ಟಿದ್ದಾರೆ. "ಅವಳು ಬರೋದೇ ನಿದ್ದೆಗೆಟ್ಟ ಬಾಣಂತಿ ಹತ್ರ ಕಣೇ. ಓದಿದೋಳು ಅಂತ ಬಿಟ್ಟುಬಿಡ್ತಾಳಾ? ಓದಿದೋರ ಪಿತ್ತಕೋಶ ಇನ್ನೂ ರುಚಿ." ನಿನ್ನ ಅಳಿಯ ವೆಹ್ಬಿ ಮಾತ್ರ ನಗುತ್ತಾನೆ. "ಕಂಬ ತಿರುಗ್ತಾ ಇದೆಯಲ್ಲ ನೆರ್ಮಿನ್. ನಿಮ್ಮಪ್ಪನ ಕಲ್ಲು ಸುಳ್ಳು ಹೇಳುತ್ತಾ?"

ನೀನೇ ಹೇಳಿಕೊಟ್ಟದ್ದು: ಬಾಗಿಲ ಪಕ್ಕದ ಆ ತೆಳ್ಳನೆಯ ಕಂಬ ಯಾವ ಭಾರವನ್ನೂ ಹೊರುವುದಿಲ್ಲ, ಕಟ್ಟಡ ನೆಟ್ಟಗಿರುವವರೆಗೆ ಕೈಯಿಂದ ತಿರುಗುತ್ತದೆ, ಗೋಡೆ ಎಳ್ಳಷ್ಟು ಕುಸಿದರೂ ಮೇಲಿನ ಕಲ್ಲು ಒತ್ತಿ ನಿಂತುಬಿಡುತ್ತದೆ, ಕಟ್ಟಿದವರು ಮುಂದಿನವರಿಗಾಗಿ ಬಿಟ್ಟುಹೋದ ತಕ್ಕಡಿ ಅದು. ಹಾಗಿದ್ದರೆ ಗೋಡೆ ಬಿರುಕು ಬಿಡುತ್ತಿರುವಾಗಲೂ ಕಂಬ ತಿರುಗುತ್ತಿರಲು ಸಾಧ್ಯವೇ? ಇದಕ್ಕೆ ಮಾತ್ರ ಉತ್ತರ ಬರಿ.

ನಿನ್ನ ನೆರ್ಮಿನ್


ಎದಿರ್ನೆ
9 ಜುಲೈ 1972

ಮಗಳೇ,

ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಇಲ್ಲಿ ಬಿಸಿಲಿಗೆ ಗುಮ್ಮಟದ ಸೀಸದ ಹಾಳೆ ಮುಟ್ಟಿದರೆ ಕೈ ಬೊಬ್ಬೆ ಬರುತ್ತದೆ. ಬೆಳಿಗ್ಗೆ ಐದಕ್ಕೆ ಉಳಿ ಹಿಡಿದು ಹತ್ತಕ್ಕೆ ಇಳಿಯುತ್ತೇವೆ. ಜೊತೆಯವರು ದಿನಾ ಹುರಿದ ಪಿತ್ತಕೋಶ ತಿನ್ನೋಣ ಎನ್ನುತ್ತಾರೆ. ನಿಮ್ಮಮ್ಮ ಹೋದಮೇಲೆ ನನಗೆ ಹೊರಗಿನದು ಒಗ್ಗುವುದಿಲ್ಲ.

ಹಾಲು ಹೆಚ್ಚಲು ಈರುಳ್ಳಿ ತಿನ್ನು. ನಿಮ್ಮಮ್ಮ ನಿನ್ನ ಕಾಲಕ್ಕೆ ಬುಲ್ಗರ್ ಗೋಧಿನುಚ್ಚಿನ ಗಂಜಿಗೆ ದಿನಕ್ಕೆ ಎರಡು ಈರುಳ್ಳಿ ಹಾಕಿಕೊಳ್ಳುತ್ತಿದ್ದಳು.

ಹಳೆಯ ಗೋಡೆ ಎಂದಮೇಲೆ ಗೆರೆ ಇದ್ದೇ ಇರುತ್ತದೆ, ಮುದುಕಿಯ ಮುಖ ಇದ್ದ ಹಾಗೆ. ಆದರೂ ತೊಟ್ಟಿಲನ್ನು ಅಡುಗೆಮನೆಯ ಕಡೆಗೆ ಸರಿಸು. ಕಲ್ಲಿನ ತಂಡಿ ಮಗುವಿಗೆ ಆಗುವುದಿಲ್ಲ. ಬೇಸಿಗೆ ಮುಗಿಯುವವರೆಗೆ ನೀವಿಬ್ಬರೂ ಇಲ್ಲಿಗೇ ಬಂದು ಇರಬಹುದು. ನನ್ನ ಕೋಣೆ ದೊಡ್ಡದು, ಯಜಮಾನಿ ಒಳ್ಳೆಯ ಹೆಂಗಸು. ಬಸ್ಸಿನ ಸಮಯ ವಿಚಾರಿಸಿ ಇಟ್ಟಿದ್ದೇನೆ.

ಕಂಬವನ್ನು ಮಗುವಿನ ಕೈಯಿಂದ ತಿರುಗಿಸಿದಿರಿ ಎಂದು ಬರೆದಿದ್ದೀಯ. ಯಾರಾದರೂ ಜೊತೆಗೆ ಕೈ ಕೊಟ್ಟಿರಾ, ಇಲ್ಲ ಅಷ್ಟು ಸಣ್ಣ ಕೈಗೇ ತಿರುಗಿತಾ? ಅದನ್ನು ಬರಿ.

ಅಪ್ಪ


ಆಕ್ಚೆಹಾನ್
30 ಜುಲೈ 1972

ಅಪ್ಪಾ,

ನಾನು ಗೋಡೆಯನ್ನು ಕೇಳಿದರೆ ನೀನು ಈರುಳ್ಳಿ ಬರೆದೆ. ಜುಲೈ ತಿಂಗಳಲ್ಲಿ ಯಾವ ತಂಡಿ? ಅತ್ತೆಗೆ ನಿನ್ನ ಕಾಗದ ಓದಿ ಹೇಳಿದೆ, ಹೇಳಬಾರದಿತ್ತು. "ಮುದುಕನಿಗೆ ಒಂಟಿತನ. ಮೊಮ್ಮಗಳನ್ನ ಎತ್ಕೊಂಡು ಹೋಗೋಕೆ ಗೋಡೆ ಒಂದು ನೆಪ," ಅಂದರು. ತೊಟ್ಟಿಲು ಸರಿಸಲು ಹೋದರೆ, "ವೆಹ್ಬಿನೂ ಇದೇ ಗೋಡೆ ಕೆಳಗೆ ಮಲಗಿ ಬೆಳೆದ. ಒಂದು ಕೂದಲು ಕೊಂಕಿತಾ?" ಅಂದರು. ವೆಹ್ಬಿಗೆ ಮುಂದಲೆಯಲ್ಲಿ ಈಗ ಕೂದಲೇ ಇಲ್ಲ. ಅದನ್ನು ಹೇಳಿದೆ. ಮೂರು ದಿನ ಮಾತು ಬಿಟ್ಟರು.

ನಿನಗೆ ನಿಜವಾಗಿಯೂ ಒಂಟಿತನವಾಗಿದ್ದರೆ ಹಾಗೆಂದೇ ಬರಿ. ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ: ಯಾರೂ ಕೈ ಕೊಡಲಿಲ್ಲ. ಅವಳು ಅಂಗೈ ಊರಿ ಕಾಲು ಒದ್ದಳು, ಅಷ್ಟಕ್ಕೇ ತಿರುಗಿತು. ನಿನ್ನೆ ನಾನೂ ಹೋಗಿ ನೋಡಿದೆ. ತಿರುಗುವುದಷ್ಟೇ ಅಲ್ಲ, ಒಂದಿಷ್ಟು ಅಲ್ಲಾಡುತ್ತದೆ ಕೂಡ, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ. ಇದು ಒಳ್ಳೆಯದೇ ಇರಬೇಕು ಅಲ್ಲವೇ? ಎಷ್ಟು ಸಲೀಸಾಗಿ ತಿರುಗಿದರೆ ಅಷ್ಟು ನೆಟ್ಟಗೆ?

ನನಗೆ ಯಾವುದನ್ನು ನಂಬಬೇಕೋ ತಿಳಿಯುತ್ತಿಲ್ಲ. ಬಿರುಕಿನ ಮೇಲೆ ಒಂದು ಪಟ್ಟಿ ಪತ್ರಿಕೆಯ ಕಾಗದ ಅಂಟಿಸಿದೆ. ಆರನೇ ದಿನ ಹರಿಯಿತು. ವೆಹ್ಬಿ, "ಹಿಟ್ಟಿನ ಅಂಟು ಒಣಗಿದರೆ ಕಾಗದ ಹರಿಯುತ್ತೆ," ಅಂದ. ಅದೂ ಹೌದು. ಗುಮ್ಮಟದ ನಡುವಿನಿಂದ ಇಳಿಬಿದ್ದ ದೀಪದ ಬಳೆಯಿದೆಯಲ್ಲ, ಜೇಡ ಬಾರದಿರಲಿ ಎಂದು ಉಷ್ಟ್ರಪಕ್ಷಿಯ ಮೊಟ್ಟೆ ಕಟ್ಟಿದ್ದು, ಅದರ ಸರಪಳಿ ನೆಲದ ಕೆಂಪುಕಲ್ಲಿನ ನಕ್ಷತ್ರದ ನೇರಕ್ಕೆ ಇರಬೇಕು. ಮಂಗಳವಾರ ನೋಡಿದಾಗ ನಾಲ್ಕು ಬೆರಳು ಪೂರ್ವಕ್ಕೆ ಇತ್ತು. "ಒರೆಸೋಕೆ ಇಳಿಸಿದ್ದೆ, ಕೊಂಡಿ ಬದಲಾಗಿರುತ್ತೆ," ಅಂದ ವೆಹ್ಬಿ. ಕೊಂಡಿ ಬದಲಾದರೆ ಉದ್ದ ತಾನೆ ಬದಲಾಗಬೇಕು, ಜಾಗ ಹೇಗೆ ಬದಲಾದೀತು ಎಂದು ಕೇಳಲು ಬಾಯಿ ತೆರೆದೆ, ಮಗು ಅತ್ತಿತು, ಮರೆತೆ. ಗುರುವಾರ ನೋಡಿದರೆ ನಕ್ಷತ್ರದ ಮೇಲೆಯೇ ಇದೆ. ಹಾಗಾದರೆ ಮಂಗಳವಾರ ನಾನು ನೋಡಿದ್ದೇನು? ಅಂಕಾರಾದಲ್ಲಿ ನಾಲ್ಕು ವರ್ಷ ಚರಿತ್ರೆ ಓದಿದವಳು, ಕಣ್ಣೆದುರಿನ ಸರಪಳಿ ಎಲ್ಲಿದೆ ಎಂದು ಹೇಳಲಾರೆ.

ಬಾಗಿಲ ಮೇಲಿನ ಶಾಸನವನ್ನು ಈಚೆಗೆ ಮತ್ತೆ ಮತ್ತೆ ಓದುತ್ತೇನೆ. ಸುಲ್ತಾನರ ಮಹಾಶಿಲ್ಪಿ ಸಿನಾನನೇ ಕಟ್ಟಿದ ಎಂದು ಇಲ್ಲಿಯವರು ಹೇಳುತ್ತಾರೆ. ಗುಮ್ಮಟವಿರುವ ಪ್ರತಿ ಊರಿನವರೂ ಹೇಳುವ ಮಾತು ಅದು. ಶಾಸನದಲ್ಲಿ ಶಿಲ್ಪಿಯ ಹೆಸರಿಲ್ಲ, ದಾದಿ ಸಾಕಿದ ರಾಜಕುಮಾರನ ಹೆಸರೂ ಇಲ್ಲ. "ಹಾಲೂಡಿದವಳು ಗುಲ್ಫಿದಾನ್" ಎಂದಷ್ಟೇ ಇದೆ. ಅರಮನೆಯಲ್ಲಿ ಇನ್ನೊಬ್ಬರ ಮಗುವಿಗೆ ಹಾಲು ಕೊಟ್ಟ ದಾದಿ ತನಗೆ ಬಂದದ್ದನ್ನೆಲ್ಲ ಇಲ್ಲಿ ಕಲ್ಲಾಗಿ ನಿಲ್ಲಿಸಿದಳು, ಊರಿನ ಬಾಣಂತಿಯರಿಗೆ ದಿನವೂ ಒಂದು ಬಟ್ಟಲು ಸಾರು ಕೊಡಬೇಕೆಂದು ಬರೆಸಿದಳು. ಸಾರು ಎಂದೋ ನಿಂತಿದೆ. ಅವಳಿಗೆ ನಿದ್ದೆ ಬರುತ್ತಿತ್ತೋ ಇಲ್ಲವೋ ಎಂದು ಯೋಚಿಸುತ್ತೇನೆ.

ನೆರ್ಮಿನ್


ಎದಿರ್ನೆ
12 ಆಗಸ್ಟ್ 1972

ಮಗಳೇ,

ಕಾಗದ ಸಾಕ್ಷಿಯಲ್ಲ. ಗಾಜು ಸಾಕ್ಷಿ. ಈ ಕಾಗದದ ಜೊತೆ ಕಳಿಸಿದ ಪೆಟ್ಟಿಗೆಯಲ್ಲಿ ಬೆರಳಗಲದ ನಾಲ್ಕು ಗಾಜಿನ ಪಟ್ಟಿ, ಒಂದು ಪೊಟ್ಟಣ ಜಿಪ್ಸಂ ಇದೆ. ಬಿರುಕಿನ ಎರಡೂ ದಡ ಕೆರೆದು ಒದ್ದೆ ಮಾಡು. ಗಾಜನ್ನು ಅಡ್ಡ ಇಟ್ಟು ಎರಡು ತುದಿಗೂ ಜಿಪ್ಸಂ ಒತ್ತು. ನಡುವೆ ಬಿಡು. ಜಿಪ್ಸಂ ಮೇಲೆ ಮೊಳೆಯಿಂದ ತಾರೀಖು ಗೀರು. ಕಲಸುವುದು ನಿನಗೆ ಗೊತ್ತು, ಮೊಸರಿನ ಹದ, ಬೇಗ ಬೇಗ. ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ. ಗೋಡೆ ಕೂದಲೆಳೆಯಷ್ಟು ಕದಲಿದರೂ ಗಾಜು ಒಡೆಯುತ್ತದೆ, ಅದಕ್ಕೆ ಬಗ್ಗಲು ಬರುವುದಿಲ್ಲ.

ಒಡೆದರೆ ಅಂದೇ ಬರಿ.

ನನಗೆ ಒಂಟಿತನವಿಲ್ಲ. ತೊಟ್ಟಿಲು ಸರಿಸು.

ಕೊನೆಯ ಸಾಲನ್ನು ಹೊಡೆದುಹಾಕಿದ್ದೇನೆ, ಓದಲು ಹೋಗಬೇಡ.

ಅಪ್ಪ


ಆಕ್ಚೆಹಾನ್
30 ಆಗಸ್ಟ್ 1972

ಅಪ್ಪಾ,

ಓದಬೇಡ ಎಂದರೆ ಓದದೆ ಇರುತ್ತೇನೆಯೇ. ಕಿಟಕಿಗೆ ಹಿಡಿದು ನೋಡಿದೆ. "ಕಂಬ" ಎಂದು ಒಂದು ಕಡೆ, "ನಾನು" ಎಂದು ಇನ್ನೊಂದು ಕಡೆ, ನಡುವೆಲ್ಲ ಪೆನ್ಸಿಲಿನ ಉಳುಮೆ. ನಾನಿದನ್ನು ಹೀಗೆ ಕೂಡಿಸಿದೆ: ನಾನು ಸತ್ತರೂ ಕಂಬ ನಿಂತಿರುತ್ತದೆ, ಇಲ್ಲವೇ ಅಂಥದ್ದೇ ಏನೋ. ನಿನಗೆ ಎದೆನೋವು ಮತ್ತೆ ಶುರುವಾಗಿದೆಯೇ? ಅದಕ್ಕೇ ನನ್ನನ್ನು ಕರೆಯುತ್ತಿದ್ದೀಯಾ?

ಎರಡು ಗಾಜು ಕೂರಿಸಿದೆ, ಒಂದು ತೊಟ್ಟಿಲಿನ ಎತ್ತರಕ್ಕೆ, ಒಂದು ಸ್ವಲ್ಪ ಮೇಲೆ. ಅತ್ತೆ ಮೊದಲ ದಿನವೇ ಕೆಳಗಿನದಕ್ಕೆ ನೀಲಿ ಕಣ್ಣಿನ ಮಣಿ ತೂಗಿಹಾಕಿದರು. "ಗೋಡೆಗೆ ಒಡವೆ ಹಾಕಿದ್ದೀಯ, ದೃಷ್ಟಿಯಾಗಲ್ವಾ?" ಒಂಬತ್ತನೇ ದಿನ ಬೆಳಿಗ್ಗೆ ಎರಡೂ ಒಡೆದಿದ್ದವು. ನಡುವೆ ನೇರವಾಗಿ, ಬಿಸ್ಕತ್ತು ಮುರಿದ ಹಾಗೆ. ನಾನು ಕೂಗಿದ ರಭಸಕ್ಕೆ ವೆಹ್ಬಿ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಓಡಿಬಂದ.

ಅತ್ತೆ ಬಾಗಿಲಲ್ಲೇ ನಿಂತು, "ಜೇಡರ ಬಲೆ ತೆಗೀತಿದ್ದೆ. ಪೊರಕೆ ತಾಗಿರಬೇಕು," ಅಂದರು.

"ತಾಗಿತಾ, ತಾಗಿರಬೇಕಾ? ಸರಿಯಾಗಿ ಹೇಳಿ."

"ನನಗೇನು ಪೊರಕೆ ತುದೀಲಿ ಕಣ್ಣಿದೆಯಾ ತಾಯಿ? ತಾಗಿರಬೇಕು ಅಂದೆ. ನೀನು ಕಿರುಚಿ ಮಗೂನ ಎಬ್ಬಿಸಿದೆ, ಅದನ್ನ ನೋಡು."

"ನೋಡು, ಅಮ್ಮನೇ ಒಪ್ಕೊಂಡ್ರು. ಗೋಡೆ ಅಲ್ಲ, ಪೊರಕೆ," ಅಂದ ವೆಹ್ಬಿ. ಅವನ ಮುಖದಲ್ಲಿ ಎಷ್ಟು ನಿರಾಳ ಎಂದರೆ ನಾನೂ ಒಂದು ಗಳಿಗೆ ಪೊರಕೆಯನ್ನೇ ನಂಬಿದೆ. ಈಗ ಯಾವುದೂ ಗೊತ್ತಿಲ್ಲ. ಪೊರಕೆ ತಾಗಿದರೆ ಎರಡೂ ಒಂದೇ ಜಾಗದಲ್ಲಿ ಒಡೆಯುತ್ತವೆಯೇ? ಕಂಬ ಮಾತ್ರ ಬೆಳಿಗ್ಗೆಯೂ ತಿರುಗಿತು. ದಿನಾ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ತಿರುಗಿಸಿ ಬರುತ್ತೇನೆ. ಆಮೇಲೆ ಒಂದರ್ಧ ಗಂಟೆ ಮನಸ್ಸು ನೆಟ್ಟಗಿರುತ್ತದೆ.

ಒಂದು ಸಾಲು ಬರಿ ಅಪ್ಪಾ. ಗೋಡೆಯ ಬಗ್ಗೆ ಬೇಡ, ಎದೆನೋವಿನ ಬಗ್ಗೆ.

ನೆರ್ಮಿನ್


ಆಕ್ಚೆಹಾನ್
14 ಸೆಪ್ಟೆಂಬರ್ 1972

ಅಪ್ಪಾ,

ನಿನ್ನಿಂದ ಒಂದು ತಿಂಗಳಿನಿಂದ ಕಾಗದವಿಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಖಾಲಿ ಕೈ ಬೀಸುತ್ತಾನೆ.

ಇನ್ನು ಮೂರೂವರೆ ವಾರಕ್ಕೆ ರಂಜಾನ್. ಏಳು ಹಳ್ಳಿಯವರು ರಾತ್ರಿಯ ನಮಾಜಿಗೆ ಇಲ್ಲಿಗೇ ಬರುತ್ತಾರೆ. ಹೆಂಗಸರ ಅಟ್ಟ ಇರುವುದು ಇದೇ ಪೂರ್ವದ ಗೋಡೆಯ ಮೇಲೆ. ಇನ್ನೂರು ಹೆಂಗಸರು, ಅವರ ಮಡಿಲಿನ ಮಕ್ಕಳು. ಅವರೆಲ್ಲ ಒಟ್ಟಿಗೆ ಮಂಡಿಯೂರಿದಾಗ ನಮ್ಮ ಕೋಣೆಯ ಕಿಟಕಿಯ ಗಾಜು ಗುನುಗುತ್ತದೆ, ಕಳೆದ ವರ್ಷವೇ ಕೇಳಿದ್ದೇನೆ. ಈಗ ಬಿರುಕಿನೊಳಗೆ ನನ್ನ ಉಗುರು ಹೋಗುತ್ತದೆ. ಹೋಗುತ್ತದೆಯೋ, ಉಗುರು ಕತ್ತರಿಸಿದ್ದರಿಂದ ಹಾಗನ್ನಿಸುತ್ತದೆಯೋ.

ವೆಹ್ಬಿಗೆ ಹೇಳಿದೆ, ಈ ಸಲ ಅಟ್ಟ ಮುಚ್ಚಿಸು ಎಂದು. "ಏನಂತ ಹೇಳಲಿ? ನನ್ನ ಹೆಂಡತಿಗೆ ನಿದ್ದೆ ಬರ್ತಿಲ್ಲ ಅಂತಲಾ? ಕಂಬ ತಿರುಗ್ತಿರೋವಾಗ ಯಾರು ಕೇಳ್ತಾರೆ?" ಅಂದ. ಕೋಪದಿಂದ ಅಲ್ಲ. ಅವನಿಗೂ ದಣಿವಾಗಿದೆ. ನನಗಾಗಿ ಬಟ್ಟೆ ತೊಳೆಯುತ್ತಾನೆ, ಊರಿನವರಿಗೆ ಕಾಣದಂತೆ ಒಳಗೇ ಒಣಗಿಸುತ್ತಾನೆ.

ನೀನು ಹಾಸಿಗೆ ಹಿಡಿದಿದ್ದರೆ ಯಾರಿಂದಲಾದರೂ ಬರೆಸು.

ನೆರ್ಮಿನ್


ಎದಿರ್ನೆ
21 ಸೆಪ್ಟೆಂಬರ್ 1972

ಮಗಳೇ ನೆರ್ಮಿನ್,

ನನಗೆ ಎದೆನೋವಿಲ್ಲ. ಹೊಡೆದುಹಾಕಿದ ಸಾಲಿನಲ್ಲಿ ಇದ್ದದ್ದು ಇದು: ಆ ಕಂಬವನ್ನು ನಂಬಬೇಡ, ಅದನ್ನು ತಿರುಗುವಂತೆ ಮಾಡಿದ್ದು ನಾನು.

ಆ ವರ್ಷ ನಾನು ಬಂದಾಗ ಕಂಬ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಗೋಡೆ ಕುಸಿದು ಮೇಲಿನ ಕಲ್ಲು ಕೂತುಬಿಟ್ಟಿತ್ತು. ಬುಡಕ್ಕೆ ಹೊಸ ಕಲ್ಲು ಕೊಟ್ಟೆವು, ಸೀಸ ಎರೆದೆವು, ಕಬ್ಬಿಣದ ಕೊಂಡಿ ಹಾಕಿದೆವು. ನೋಡಲು ಬಂದ ಎಂಜಿನಿಯರು ಇನ್ನು ಭಯವಿಲ್ಲ ಎಂದು ಕಾಗದ ಕೊಟ್ಟ. ನನಗೂ ಹಾಗೇ ಅನ್ನಿಸಿತು. ಅನ್ನಿಸಿತು, ಅಷ್ಟೆ. ಆದರೆ ಊರಿನವರು ಕಾಗದವನ್ನು ಮೂಸಿಯೂ ನೋಡಲಿಲ್ಲ. "ಮೇಸ್ತ್ರಿ, ಕಂಬ ತಿರುಗಲಿ, ನಾಳೆಯೇ ಒಳಗೆ ಬರ್ತೀವಿ," ಎಂದರು. ಆರು ತಿಂಗಳು ಮಸೀದಿ ಬಾಗಿಲು ಹಾಕಿತ್ತು. ಒಂದು ಮಧ್ಯಾಹ್ನ ಎಲ್ಲರೂ ಸಂತೆಗೆ ಹೋಗಿದ್ದಾಗ ಬೆಣೆ ಕೊಟ್ಟು ಕಂಬ ಇಳಿಸಿದೆ, ಅದರ ನೆತ್ತಿಯನ್ನು ಉಜ್ಜಿದೆ, ಮತ್ತೆ ನಿಲ್ಲಿಸಿದೆ. ನೀನು ಬುತ್ತಿ ತಂದೆ. ಏನಪ್ಪಾ ಇಷ್ಟೊಂದು ಬಿಳಿ ಪುಡಿ ಎಂದು ಕೇಳಿದೆ. ಒರೆಸಿಬಿಡು ಎಂದೆ.

ಅಗಸೆ ಬೀಜದಷ್ಟು ತೆಗೆದಿದ್ದರೆ ಸಾಕಿತ್ತು. ಮುಂದೆ ಗೋಡೆ ಕದಲಿದರೆ ಅದು ಮತ್ತೆ ಕಚ್ಚಿ ಹೇಳುತ್ತಿತ್ತು. ನಾನು ಬದುಕಿರುವಾಗಲೇ ಮತ್ತೆ ನಿಂತರೆ ನನ್ನ ಹೆಸರು ಹೋಗುತ್ತದೆ ಎಂಬ ಹೆದರಿಕೆಗೆ ಮಸೂರ ಬೇಳೆಯ ದಪ್ಪ ತೆಗೆದೆ. ಆ ಗೋಡೆ ಈಗ ಒಂದು ಬೇಳೆಯಷ್ಟು ಕುಸಿಯುವವರೆಗೆ ಕಂಬ ಬಾಯಿ ಬಿಡುವುದಿಲ್ಲ. ಅಷ್ಟರವರೆಗೆ ಗುಮ್ಮಟ ಕಾಯುವುದಿಲ್ಲ. ಮಗುವಿನ ಕೈಗೆ ತಿರುಗಿತು ಎಂದು ನೀನು ಬರೆದ ದಿನದಿಂದ ನಾನೂ ಮಲಗಿಲ್ಲ.

ಗೋಡೆ ಬೀಳುತ್ತದೆಯೇ ಎಂದು ನೀನು ಕೇಳುತ್ತೀಯ. ನನಗೆ ಗೊತ್ತಿಲ್ಲ. ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ಕಲ್ಲಿನ ಕೆಲಸದವನು ಹೇಳಬಾರದು ಎಂದು ನನ್ನ ಮೇಸ್ತ್ರಿ ಕಲಿಸಿದ್ದ. ಆ ಕಂಬದಿಂದ ನನಗೆ ಹೆಸರು ಬಂತು, ಆ ಹೆಸರಿನಿಂದ ನಿನಗೆ ಆ ಮನೆ ಸಿಕ್ಕಿತು. ನಿನ್ನ ಅತ್ತೆ ನನ್ನ ಕೈ ಹಿಡಿದು, ಕಲ್ಲಿಗೆ ಜೀವ ಕೊಟ್ಟವನ ಮಗಳು ಸಾಕು, ಬೇರೇನೂ ಬೇಡ ಎಂದದ್ದು ನೆನಪಿದೆ. ಇದನ್ನು ಯಾರಿಗೆ ಹೇಳಬೇಕೋ, ಹೇಳಿದರೆ ಆ ಮನೆಯಲ್ಲಿ ನಿನ್ನ ಗತಿ ಏನೋ, ಹೇಳದಿದ್ದರೆ ಏನೋ, ಯೋಚಿಸಿ ಯೋಚಿಸಿ ಸಾಕಾಗಿದೆ. ನೀನು ಓದಿದವಳು.

ಮಗುವನ್ನು ಎತ್ತಿಕೊಂಡು ಬಂದುಬಿಡು.

ಅಪ್ಪ


ಆಕ್ಚೆಹಾನ್
7 ಅಕ್ಟೋಬರ್ 1972

ಅಪ್ಪಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಅದನ್ನು ಮಗುವಿನ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ನಾನು ಅಲ್ಲಿಗೆ ಬರುವುದಿಲ್ಲ. ಇಪೆಕ್‌ಳನ್ನು ಎತ್ತಿಕೊಂಡು ಬಸ್ಸು ಹತ್ತಬಹುದು, ಇನ್ನೂರು ಹೆಂಗಸರ ಮಡಿಲಿನಲ್ಲಿರುವವರನ್ನು ಯಾರು ಎತ್ತಿಕೊಳ್ಳುತ್ತಾರೆ? ಮೊದಲ ಮೂರು ದಿನ ನಿನ್ನ ಮೇಲೆ ಕೋಪ ಬಂತು. ಆ ಬಿಳಿ ಪುಡಿಯನ್ನು ನನ್ನ ಕೈಯಲ್ಲೇ ಒರೆಸಿದೆಯಲ್ಲ. ಆಮೇಲೆ ಕೋಪಕ್ಕೂ ಶಕ್ತಿ ಬೇಕು ಎಂದು ತಿಳಿಯಿತು.

ಸುದ್ದಿ ಹೇಳುತ್ತೇನೆ. ನಿನ್ನೆ ಶುಕ್ರವಾರ ಕಂಬ ತಿರುಗಲಿಲ್ಲ.

ಎಂದಿನಂತೆ ವೆಹ್ಬಿಯೇ ಮೊದಲು ಹೋಗಿ ಕೈಯಿಟ್ಟ. ನಾನು ಅಂಗಳದ ಕೊಳಾಯಿಯ ಹತ್ತಿರ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಅವನು ಕೈಯಿಟ್ಟ, ತೆಗೆದ, ತಿರುಗಿ ನನ್ನ ಕಡೆ ನೋಡಿದ. ಆಮೇಲೆ ಜನರಿಗೆ, "ಎರಡೂ ಕೈಯಿಂದ ನೋಡಿದೆ. ತಿರುಗ್ತಿಲ್ಲ," ಅಂದ. ಅವನು ಒಂದೇ ಕೈಯಿಟ್ಟಿದ್ದ, ಅದೂ ಸರಿಯಾಗಿ ಊರಿರಲಿಲ್ಲ. ಕಟುಕರ ರಮಿಜ್ ತೋಳು ಮಡಿಸಿ ಮುಂದೆ ಬಂದ.

"ಸರಿ ಇಮಾಮರೇ, ನಿಮ್ಮದು ಜಪಮಣಿ ತಿರುಗಿಸೋ ಕೈ. ನನಗೆ ಬಿಡಿ."

"ಮುಟ್ಟಬೇಡ ರಮಿಜ್. ಮುರಿದೀತು. ಅದು ಅಮೃತಶಿಲೆ, ನಿನ್ನ ಕುರಿಯ ತೊಡೆಯಲ್ಲ," ಅಂದ ವೆಹ್ಬಿ, ಕಂಬಕ್ಕೆ ಬೆನ್ನುಕೊಟ್ಟು ನಿಂತ. ನನ್ನ ಗಂಡ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಒಬ್ಬರೂ ಒಳಗೆ ಹೋಗಲಿಲ್ಲ. ಚಿನಾರ್ ಮರದ ಕೆಳಗೆ ಚಾಪೆ ಹಾಸಿ ನಮಾಜು ಮುಗಿಸಿದರು. ನಾಡಿದ್ದು ಶುರುವಾಗುವ ರಂಜಾನ್ ಪೂರ್ತಿ ಅಂಗಳದಲ್ಲೇ ಎಂದು ತೀರ್ಮಾನವಾಯಿತು, ಟಾರ್ಪಾಲು ಕಟ್ಟುತ್ತಿದ್ದಾರೆ. ಅಧಿಕಾರಿಗಳಿಗೆ ತಂತಿ ಹೋಗಿದೆ, ಇಪ್ಪತ್ತನಾಲ್ಕಕ್ಕೆ ಎಂಜಿನಿಯರುಗಳು ಬಂದು ಕಂಬ ಎತ್ತಿ ನೋಡುತ್ತಾರಂತೆ. ಮುದುಕರೆಲ್ಲ, ಜೆಕೆರಿಯಾ ಮೇಸ್ತ್ರಿಯ ಕಲ್ಲು ಸಮಯಕ್ಕೆ ಸರಿಯಾಗಿ ಮಾತಾಡಿತು ಎನ್ನುತ್ತಿದ್ದಾರೆ. ನಿನ್ನ ಹೆಸರು ಹೋಗಿಲ್ಲ, ಇನ್ನೊಂದು ಮೊಳ ಎತ್ತರವಾಗಿದೆ.

ಉಳಿದ ಎರಡು ಗಾಜಿನಲ್ಲಿ ಒಂದನ್ನು ವೆಹ್ಬಿಯಿಂದ ಕುರ್ಚಿ ಹತ್ತಿಸಿ ಸೂರಿನ ಹತ್ತಿರ ಕೂರಿಸಿದ್ದೇನೆ, ಪೊರಕೆ ಎಟುಕದ ಕಡೆ. ನೀನು ಕಳಿಸಿದ ಜಿಪ್ಸಂ ಆಮೇಲೂ ಎರಡು ಚಮಚ ಉಳಿದಿತ್ತು. ಈಗ ಇಲ್ಲ. ಗುರುವಾರ ಎಲ್ಲರೂ ಸಂತೆಗೆ ಹೋಗಿದ್ದರು.

ನೆರ್ಮಿನ್


ಎದಿರ್ನೆ
13 ಅಕ್ಟೋಬರ್ 1972

ಮಗಳೇ,

ನಿನ್ನ ಕಾಗದದ ಕೊನೆಯ ಮೂರು ಸಾಲನ್ನು ಏಳೆಂಟು ಸಲ ಓದಿದೆ. ಉಪವಾಸದ ಹೊತ್ತು, ನೀರು ಕುಡಿಯುವಂತಿಲ್ಲ, ಸಾರುವೆಯ ಮೇಲೆ ಕೂತುಬಿಟ್ಟೆ. ಜೊತೆಯವರು, "ಮೇಸ್ತ್ರಿ, ಅಳ್ತಿದ್ದೀಯೋ ನಗ್ತಿದ್ದೀಯೋ?" ಎಂದರು. ಗೊತ್ತಿಲ್ಲ ಎಂದೆ. ಈಗ ಆ ಮಾತು ಸಲೀಸಾಗಿ ಬರುತ್ತದೆ.

ಇಪ್ಪತ್ತಮೂರರ ಬಸ್ಸಿಗೆ ನಾನು ಬರುತ್ತಿದ್ದೇನೆ. ಅವರು ಕಂಬ ಎತ್ತುವಾಗ ನೆತ್ತಿಯ ಮೇಲೆ ನನ್ನ ಉಳಿಯ ಗುರುತು ಕಾಣುತ್ತದೆ, ನಿನ್ನ ಕೈಗೆ ಎಟುಕಿದ್ದು ಬುಡವೇ ಇರಬೇಕು, ಅಲ್ಲಿ ಹೊಸ ಜಿಪ್ಸಂ ಕಾಣುತ್ತದೆ. ಹಳೆಯದೂ ನನ್ನದು, ಹೊಸದೂ ನನ್ನದು ಎನ್ನುತ್ತೇನೆ. ಮಗಳನ್ನು ನೋಡಲು ಬಂದವನು ಹೆದರಿಕೆಯಿಂದ ಹೀಗೆ ಮಾಡಿದೆ ಎಂದರೆ ಯಾರೂ ತಾರೀಖು ಕೇಳುವುದಿಲ್ಲ. ಮುದುಕನಿಗೆ ಬೈದು ಬಿಡುತ್ತಾರೆ. ನೀನು ಬಾಯಿ ಬಿಡಬೇಡ. ಇಬ್ಬರು ಸುಳ್ಳುಗಾರರಿಗೆ ಒಂದು ಹೆಸರು ಸಾಕು.

ಒಂದೇ ಮಾತು ಕೇಳುತ್ತೇನೆ. ನೀರು ಎಷ್ಟು ಹಾಕಿದೆ? ಒಬ್ಬ ಕಟುಕನ ತೋಳಿಗೆ ಹೆದರುವಷ್ಟು ತೆಳುವಾಗಿತ್ತಾ?

ಅಪ್ಪ


ಆಕ್ಚೆಹಾನ್
18 ಅಕ್ಟೋಬರ್ 1972

ಅಪ್ಪಾ,

ನೀರು ಹೆಚ್ಚಾಗಿತ್ತು. ಬೆನ್ನ ಮೇಲೆ ಮಗು ಅಳುತ್ತಿತ್ತು, ಅವಳ ಗಂಜಿಯ ಬಟ್ಟಲಿನಲ್ಲೇ ಕಲಸಿದೆ. ರಮಿಜ್ ಒಂದು ಸಲ ಅದುಮಿದ್ದರೆ ಸಾಕಿತ್ತು.

ಸೋಮವಾರ ಬೆಳಿಗ್ಗೆ ಮಗುವಿಗೆ ಹಾಲು ಕೊಟ್ಟು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಅವಳನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತ, ಸೂರಿನ ಕಡೆ ನೋಡುತ್ತ, "ಇದೂ ಒಂದು ಗೋಡೆಗೆ ಮೂಗುತಿ," ಎನ್ನುತ್ತಿದ್ದರು. ಗಾಜು ಟಿಕ್ ಎಂದಿತು. ಇಬ್ಬರೂ ನೋಡುತ್ತಿದ್ದಂತೆಯೇ ಎರಡಾಯಿತು. ಒಂದು ತುಂಡು ಖಾಲಿ ತೊಟ್ಟಿಲಿನೊಳಗೆ ಬಿತ್ತು.

ಅತ್ತೆ ತೊಟ್ಟಿಲಿನೊಳಗೆ ಬಗ್ಗಿ ನೋಡಿದರು. ಆಮೇಲೆ, "ಪೊರಕೆ ಅಂಗಳದಲ್ಲಿದೆ," ಅಂದರು. ಮಗುವನ್ನು ನನಗೂ ಕೊಡದೆ, ತಲೆಗೆ ಬಟ್ಟೆಯೂ ಹೊದೆಯದೆ ಹೊರಟು, ತಂಗಿಯ ಮನೆ ಸೇರಿದರು. ಹಿಂದೆ ವೆಹ್ಬಿ ತೊಟ್ಟಿಲು ಹೊತ್ತ. ನಾವೆಲ್ಲ ಈಗ ಅಲ್ಲೇ ಇದ್ದೇವೆ.

ಅಂದು ಸಂಜೆ ವೆಹ್ಬಿಗೆ ಎಲ್ಲವನ್ನೂ ಹೇಳಿದೆ, ನಿನ್ನದನ್ನೂ ನನ್ನದನ್ನೂ. ನಿನ್ನ ಕಾಗದವನ್ನು ಅವನ ಕೈಗೇ ಕೊಟ್ಟೆ. ಓದಿ ಮಡಿಸಿದ. "ಅವತ್ತು ಶುಕ್ರವಾರ ತೊಟ್ಟಿಲ ಕೆಂಪು ರಿಬ್ಬನ್ ಮೇಲೆ ಬಿಳಿ ಬೆರಳಚ್ಚಿತ್ತು. ಕಂಬಕ್ಕೆ ಕೈಯಿಟ್ಟಾಗ ಕಾಲಬೆರಳಿಗೆ ತಾಗಿದ ಬುಡ ಇನ್ನೂ ತಣ್ಣಗೆ ಒದ್ದೆಯಿತ್ತು. ಇಷ್ಟು ದಿನ ನಿನ್ನ ಮಾತು ಕೇಳಲಿಲ್ಲ, ಅವತ್ತು ಕೇಳಿದೆ ಅನ್ಕೋ," ಅಂದ. ಕಾಗದವನ್ನು ನನ್ನ ಕೈಗೆ ವಾಪಸು ಕೊಡುತ್ತ, "ಹತ್ತು ದಿನ ಮಳೇಲಿ ನಮಾಜು ಮಾಡಿಸಿದೆಯಲ್ಲೇ. ಅರ್ಧ ಊರಿಗೆ ನೆಗಡಿ," ಅಂದ. ಅತ್ತೆಗೆ ಅವನೇ ಹೇಳಿದ. ಅವರು ಏನೆನ್ನುತ್ತಾರೋ ಗೊತ್ತಿಲ್ಲ. ನಿನ್ನೆಯಿಂದ ನನ್ನೊಡನೆ ಮಾತಿಲ್ಲ, ಆದರೆ ಮಗುವನ್ನು ರಾತ್ರಿಯೆಲ್ಲ ಅವರೇ ನೋಡಿಕೊಂಡರು. ನಾನು ಐದು ಗಂಟೆ ಮಲಗಿದೆ. ಎದ್ದಾಗ ಎಲ್ಲಿದ್ದೇನೆ ಎಂದೇ ತಿಳಿಯಲಿಲ್ಲ.

ಗೋಡೆಗೆ ಆಸರೆ ಕೊಟ್ಟರೆ ನಿಲ್ಲುತ್ತದೋ, ಬಿಚ್ಚಿ ಕಟ್ಟಬೇಕೋ, ನಾಲ್ಕು ನೂರು ವರ್ಷ ನಿಂತದ್ದು ಹೋಗಿಯೇಬಿಡುತ್ತದೋ, ಎಂಜಿನಿಯರುಗಳು ಹೇಳಲಿ. ಬಸ್ಸು ನಿಲ್ಲುವಲ್ಲಿಗೆ ವೆಹ್ಬಿ ಬರುತ್ತಾನೆ. ಆದರೆ ನನ್ನ ಜಿಪ್ಸಂ ನಿನ್ನದೆಂದು ಹೇಳಬೇಡ. ಯಾರ ಸುಳ್ಳು ಯಾವುದು ಎಂದು ಇನ್ನೊಮ್ಮೆ ಕಲಸಿಹೋದರೆ ಈ ಊರು ಇನ್ನು ಯಾವುದನ್ನು ನಂಬಬೇಕು? ಕಂಬ ಎತ್ತುವಾಗ ನೆತ್ತಿಯ ಕಡೆ ನೀನು ನಿಲ್ಲು, ಬುಡದ ಕಡೆ ನಾನು ನಿಲ್ಲುತ್ತೇನೆ. ಕೇಳಿದವರಿಗೆ ಅವರವರ ಪಾಲು ಅವರವರು ಹೇಳೋಣ. ಇಪೆಕ್ ಅತ್ತೆಯ ತೋಳಿನಲ್ಲಿ ಇರುತ್ತಾಳೆ, ಅಂಗಳದ ಆಚೆ, ಮಿನಾರಿನ ನೆರಳು ಮುಟ್ಟದ ಕಡೆ.

ನೆರ್ಮಿನ್